ತಾಂತಾದ ಗಿರಣಿಯಲ್ಲಿ ಮಿಸ್ತ್ರಿ ಹೇಳಿದ ಸುಳ್ಳು

ಹೊರಡುವ ಮುನ್ನ, ಸವಣೂರು

ಈಜಿಪ್ತಿಗೆ ಹೋಗಿ ಪಿರಮಿಡ್ಡು ನೋಡದೆ ಮರಳಿದವನು ಬಹುಶಃ ನಾನೊಬ್ಬನೇ ಇರಬೇಕು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಪಿರಮಿಡ್ಡಿನ ಆಸೆಯಿಂದ ಓದಲು ಕೂತವರು ಇಲ್ಲಿಗೇ ಎದ್ದು ತಮ್ಮ ಕೆಲಸ ನೋಡಿಕೊಳ್ಳಬಹುದು. ನಾನು ಹೋದದ್ದು ಹತ್ತಿ ಗಿರಣಿ ನೋಡಲು. ಹತ್ತಿ ವ್ಯಾಪಾರಸ್ಥರ ಒಂದು ತಂಡ ಆ ದೇಶಕ್ಕೆ ಹೊರಟಿತ್ತು. ನಮ್ಮ ಸೀಮೆಯಿಂದ ಗಿರಣಿಯ ಧಣಿ ಒಬ್ಬ, ಫಿಟರ್ ಒಬ್ಬ ಬೇಕಾಗಿತ್ತು. ಹುಬ್ಬಳ್ಳಿಯ ದೊಡ್ಡ ಕುಳಗಳು ಹಡಗು ಎಂದೊಡನೆ ಹಿಂದೇಟು ಹಾಕಿದರು, ಹೀಗಾಗಿ ಸವಣೂರಿನ ನನ್ನ ಹೆಸರು ಬಂತು. ಫಿಟರ್ ಆಗಿ ಬಂದವರು ನಮ್ಮ ಗಿರಣಿಯ ಹುಸೇನಸಾಬ ಮಿಸ್ತ್ರಿ. ಬಂಕಾಪುರದವರು, ವಯಸ್ಸಿನಲ್ಲಿ ನನಗಿಂತ ಹಿರಿಯರು. ಮಶೀನು ಒಂದು ಗಳಿಗೆ ಸುಮ್ಮನಿದ್ದೀತು, ಅವರ ಬಾಯಿ ಸುಮ್ಮನಿರದು.

ಹೊರಡುವ ಹೊತ್ತಿಗೆ ಮನೆಯಲ್ಲಿ ಒಂದು ತಕರಾರು ಹೊತ್ತಿಕೊಂಡಿತ್ತು. ಗಿರಣಿ ಕಂಪನಿಯ ಹೆಸರಿನಲ್ಲಿತ್ತು. ಕಂಪನಿ ಎಂದರೆ ನನ್ನ ಅಣ್ಣ ಬಸವಣ್ಣೆಪ್ಪ, ನಾನು, ಮತ್ತು ಅಣ್ಣ ಬೆರಳು ತೋರಿಸಿದಲ್ಲಿ ಸಹಿ ಮಾಡುವ ಇಬ್ಬರು ಬೀಗರು. ಆ ವರ್ಷ ಗಿರಣಿ ಚೆನ್ನಾಗಿ ನಡೆದಿತ್ತು, ಅಣ್ಣ ಹೊಸ ಜೀಪು ತಂದಿದ್ದ. ಜೀಪು ಬಂದ ವಾರದಲ್ಲೇ ಹತ್ತಿಯ ಕಸ ಆರಿಸುವ ಹೆಣ್ಣುಮಕ್ಕಳ ಮುಂದಾಳು ಗಂಗವ್ವ ಆಫೀಸಿನ ಬಾಗಿಲಿಗೆ ಬಂದು ನಿಂತಳು.

"ಧಣೇರ, ಈ ಸಲ ಗಿರಣಿ ಭಾಳ ದುಡದೈತಿ ಅಂತ ಊರೆಲ್ಲಾ ಆಡಾಕತ್ತೈತಿ. ಬರೇ ಮಶೀನ್ ದುಡೀತೇನ್ರಿ? ಬಂದ ಲಾಭದಾಗ ನಮಗೂ ಒಂದ್ ಪಾಲು ಬರಬೇಕು."

"ದಿನದ ಕೂಲಿ ದಿನಾ ತಗೊಂಡೀರಿ. ಅಲ್ಲಿಗೆ ನಮ್ಮ ನಿಮ್ಮ ಋಣಾ ಹರೀತು," ಎಂದ ಅಣ್ಣ.

ಆಕೆ ಹೋದ ಮೇಲೆ ನನ್ನ ಕಡೆ ತಿರುಗಿ, "ಮುಂದಿನ ಹಂಗಾಮಕ್ಕ ಹಿರೇಕೆರೂರ ಕಡಿಂದ ಹೆಣ್ಣಮಕ್ಕಳನ್ನ ಕರಸ್ತೇನಿ. ಇವರ ಸಹವಾಸನ ಬ್ಯಾಡ," ಎಂದ. ಅಣ್ಣನ ಮಾತು ಕಲ್ಲಿನ ಮೇಲೆ ಬರೆದಂತೆ. ನಾನು ಬೇಡಿಕೊಂಡು, ನಾನು ತಿರುಗಿ ಬರುವವರೆಗೆ ಯಾರನ್ನೂ ಬಿಡಿಸಬಾರದು ಎಂದು ಒಪ್ಪಿಸಿದೆ. ನಿಜ ಹೇಳಬೇಕೆಂದರೆ ನನಗೇ ಯಾವ ಕಡೆಯೂ ಖಾತ್ರಿಯಿರಲಿಲ್ಲ. ಎರೆ ಹೊಲ ಒತ್ತಿಯಿಟ್ಟು ಆ ಮಶೀನು ತಂದವನು ಅಣ್ಣ. ಅವನ ನಿದ್ದೆಗೆಟ್ಟ ವರ್ಷಗಳನ್ನು ನಾನು ಕಂಡಿದ್ದೆ. ಹತ್ತಿಯ ಧೂಳು ಕುಡಿದ ಗಂಗವ್ವನ ಕೆಮ್ಮನ್ನೂ ಕೇಳಿದ್ದೆ. ಎರಡು ದೋಣಿಯಲ್ಲಿ ಕಾಲಿಟ್ಟವನು ಮೂರನೆಯದಾಗಿ ಹಡಗು ಹತ್ತಲು ಹೊರಟಿದ್ದೆ.

ಇದು ಗಂಗವ್ವನಿಗೂ ಗೊತ್ತಿತ್ತು. "ಹೋಗಿ ಬರ್ರಿ," ಎಂದಳು. "ಬಂದ ಮ್ಯಾಲ ಹೂಂ ಅನ್ರಿ, ಇಲ್ಲಾ ಊಹೂಂ ಅನ್ರಿ. ನಡುವ ಮಾತ್ರ ನಿಂದರಬ್ಯಾಡ್ರಿ."

ಹಡಗಿನ ಮೇಲೆ

ಸಮುದ್ರದ ಬಗ್ಗೆ ಬರೆದವರು ಅದರ ಬಣ್ಣ, ಅದರ ಸೂರ್ಯಾಸ್ತ ಎಂದು ಬರೆಯುತ್ತಾರೆ. ನಾನು ಕಂಡದ್ದು ಹೆಚ್ಚಾಗಿ ಒಂದು ತಗಡಿನ ಬೋಗುಣಿಯ ತಳ. ಹೊಟ್ಟೆಯಲ್ಲಿ ನೀರು ಕೂಡ ನಿಲ್ಲದೆ ಮಲಗಿದ್ದಾಗ ಮಿಸ್ತ್ರಿ ಮಾತ್ರ ಬಾವಿಕಟ್ಟೆಯ ಮೇಲೆ ಕೂತವರಂತೆ ಕೂತು, ನನ್ನ ಮನೆಯವರು ಕಟ್ಟಿಕೊಟ್ಟ ಖಡಕ್ ರೊಟ್ಟಿಯನ್ನು ಶೇಂಗಾ ಚಟ್ನಿಯೊಂದಿಗೆ ಮುರಿದು ಮುರಿದು ತಿನ್ನುತ್ತಿದ್ದರು.

"ಸಾವಕಾರ್ರ, ಏಳ್ರಿ. ಒಂದ್ ತುತ್ತು ತಿನ್ರಿ. ಹೊಟ್ಟಿ ಖಾಲಿ ಇಟ್ರ ಸಮುದ್ರ ಇನ್ನೂ ಜೋರ ಕುಣಸ್ತೈತಿ."

ಎದ್ದು ಕೂರುವಷ್ಟಾದ ಮೇಲೆ ಗಂಗವ್ವನ ಮಾತು ತೆಗೆದೆ. ಕೂಲಿಯವರ ಪರವಾಗಿ ಮಿಸ್ತ್ರಿ ಸಿಡಿದೇಳುತ್ತಾರೆ ಎಂದುಕೊಂಡಿದ್ದೆ. ಅವರು ರೊಟ್ಟಿಯ ಚೂರು ಬಾಯಿಗೆ ಹಾಕಿಕೊಂಡು, "ನನಗ ಪಾಲು ಬ್ಯಾಡ್ರಿ," ಎಂದುಬಿಟ್ಟರು.

"ಯಾಕ್ರಿ ಮಿಸ್ತ್ರಿ?"

"ಲಾಭದಾಗ ಪಾಲು ಅಂದ್ರ ನಾಳೆ ಲುಕ್ಸಾನದಾಗೂ ಪಾಲು ಅಂತೀರಿ. ನಿಮ್ಮ ಅಣ್ಣಾರು ಹತ್ತಿ ದರಾ ಏರತೈತಿ ಅಂತ ತುಂಬಿಟ್ಟು ಕುಂತು, ದರಾ ಇಳದು ಹೋದ್ರ, ಅದಕ್ಕ ನಾ ಯಾಕ ಹೊಣಿ? ನನಗ ತಿಂಗಳಿಗೆ ಪಗಾರ ಬರಲಿ. ಹೆಚ್ಚು ಮಾಡ್ರಿ ಅಂತ ಜಗಳಾ ಮಾಡ್ತೇನಿ. ಪಾಲು ಗೀಲು ಬ್ಯಾಡ."

ಈ ಮಾತು ನನಗೆ ಹಿತವಾಗಿ ಕೇಳಿಸಿತು. ಕೆಲಸದವರೇ ಬೇಡವೆಂದರೆ ಧಣಿಗೇನು ತಕರಾರು? ಹಿತವಾಗಿ ಕೇಳಿಸಿದ ಮಾತನ್ನು ಅನುಮಾನದಿಂದ ನೋಡು ಎಂದು ನಮ್ಮ ಅವ್ವ ಹೇಳುತ್ತಿದ್ದಳು. ಅವ್ವನ ಮಾತು ನೆನಪಾಗುವಷ್ಟರಲ್ಲಿ ಹಡಗು ಮತ್ತೆ ವಾಲಿತು, ನಾನು ಬೋಗುಣಿಗೆ ಮರಳಿದೆ.

ಸುಯೇಜ್, ಸುಂಕದ ಕಟ್ಟೆ

ನಾನು ಕೊರಳಲ್ಲಿ ಲಿಂಗ ಧರಿಸುವವನು, ಬೆಳ್ಳಿಯ ಕರಡಿಗೆಯಲ್ಲಿ. ಸುಂಕದ ಅಧಿಕಾರಿಯ ಕಣ್ಣು ಪೆಟ್ಟಿಗೆ ಬಿಟ್ಟು ಅದರ ಮೇಲೆ ಬಿತ್ತು. ಬೆಳ್ಳಿಯ ಡಬ್ಬಿಯೊಳಗೆ ಬಂಗಾರವೋ ವಜ್ರವೋ ಇರಬೇಕೆಂಬ ಗುಮಾನಿ. ಕೈಚಾಚಿ ಕೊಡು ಎಂದ. ನಾನು ಕೈಯಿಂದ ಮುಚ್ಚಿಕೊಂಡೆ. ಅದು ಗುಮಾನಿಯನ್ನು ಇನ್ನಷ್ಟು ಬೆಳೆಸಿತು. ನನ್ನ ಧಾರವಾಡದ ಇಂಗ್ಲಿಷು ಅವನಿಗೆ ತಿಳಿಯದು, ಅವನ ಅರಬ್ಬಿ ನನಗೆ ತಿಳಿಯದು. ಹಿಂದಿನ ಸಾಲು ಬೆಳೆಯಿತು. ಮುಂದೆ ಬಂದವರು ಮಿಸ್ತ್ರಿ. ಅವರು ನನ್ನ ಕರಡಿಗೆಯತ್ತ ಬೆರಳು ತೋರಿಸಿದರು, ಆಮೇಲೆ ಮೇಲಕ್ಕೆ ತೋರಿಸಿದರು, ಆಮೇಲೆ ತಮ್ಮ ಎದೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದರು. ಅಧಿಕಾರಿ ಒಂದು ಕ್ಷಣ ಅವರ ಗಡ್ಡವನ್ನೂ ನನ್ನ ವಿಭೂತಿಯನ್ನೂ ನೋಡಿದ. ತಾನೂ ಎದೆಯ ಮೇಲೆ ಕೈಯಿಟ್ಟು ದಾರಿ ಬಿಟ್ಟ.

"ಏನಂದ್ರಿ ಮಿಸ್ತ್ರಿ ಅವಂಗ?"

"ಏನೂ ಅನ್ನಲಿಲ್ಲಲ್ರಿ. ಅಂದಿದ್ರ ಕೆಡತಿತ್ತು."

ತಾಂತಾ

ನೈಲ್ ನದಿ ಸಮುದ್ರ ಸೇರುವ ಮೊದಲು ಕವಲೊಡೆದು ಹರಡುವ ಬಯಲಲ್ಲಿ ತಾಂತಾ ಎಂಬ ಊರಿದೆ. ರೈಲಿನ ಕಿಟಕಿಯಿಂದ ಕಂಡ ಮಣ್ಣು ಕಪ್ಪಗಿತ್ತು. ಇಳಿದವನೇ ಹೊಲದ ಬದುವಿನಲ್ಲಿ ಒಂದು ಹೆಂಟೆ ಎತ್ತಿ ಹಿಚುಕಿ ನೋಡಿದೆ. ನಮ್ಮ ಸವಣೂರಿನ ಎರೆಯೇ. ವ್ಯತ್ಯಾಸವೆಂದರೆ ನಾವು ಆಕಾಶದ ಕಡೆ ನೋಡುತ್ತೇವೆ, ಅವರು ಕಾಲುವೆಯ ಕಡೆ ನೋಡುತ್ತಾರೆ. ಮಾಂಸ ಮುಟ್ಟದ ನನ್ನ ಊಟದ ಚಿಂತೆಯೂ ಅಲ್ಲೇ ತೀರಿತು. ಬೆಳಗಾದರೆ ಬೀದಿಯಲ್ಲಿ ದೊಡ್ಡ ಹಂಡೆಗಳಲ್ಲಿ ಬೇಯಿಸಿದ ಕಾಳು, ಅದಕ್ಕೆ ಎಣ್ಣೆ, ನಿಂಬೆಹಣ್ಣು, ಜೊತೆಗೆ ಉಬ್ಬಿದ ರೊಟ್ಟಿ. ಖಾರವೊಂದು ಇಲ್ಲ. ಮಿಸ್ತ್ರಿ ಪೆಟ್ಟಿಗೆಯಿಂದ ಸವಣೂರ ಖಾರದ ಪುಡಿಕೆ ತೆಗೆದು ಮೇಲೆ ಉದುರಿಸಿದರೆ ಅದೂ ನಮ್ಮೂರ ತಿನಿಸೇ ಆಗುತ್ತಿತ್ತು. ಪಕ್ಕದ ಮೇಜಿನವರು ಕೇಳಿ ತಿಂದು, ಕಣ್ಣಲ್ಲಿ ನೀರು ತಂದುಕೊಂಡು, ಮತ್ತೆ ಕೇಳಿದರು.

ಅಲ್ಲಿಯ ಜನಕ್ಕೆ ಅಪರಿಚಿತನೆಂಬುದೇ ಇಲ್ಲ. ದಾರಿ ಕೇಳಿದರೆ ದಾರಿ ಹೇಳುವುದಿಲ್ಲ, ಕೈ ಹಿಡಿದು ಕರೆದೊಯ್ಯುತ್ತಾರೆ, ತಮಗೂ ದಾರಿ ಗೊತ್ತಿಲ್ಲದಿದ್ದರೆ ಕೂಡ. ಹೀಗೆ ಕೈ ಹಿಡಿಸಿಕೊಂಡು ಒಂದು ಸಲ ಗಿರಣಿಯ ಬದಲು ಒಂದು ಮದುವೆ ಮನೆಗೆ ಹೋಗಿ ಚಹಾ ಕುಡಿದು ಬಂದೆವು.

ಗಿರಣಿ ದೊಡ್ಡದು. ಸದ್ದು ಮಾತ್ರ ನಮ್ಮದೇ. ಒಳಗೆ ಹೆಜ್ಜೆಯಿಟ್ಟೊಡನೆ ಮಿಸ್ತ್ರಿಯ ಮುಖ ಅರಳಿತು. ತಿರುಗಾಡಿಸಲು ನಮಗೆ ಜೊತೆ ಕೊಟ್ಟವನು ಫವಾದ್ ಎಂಬ ಇಂಗ್ಲಿಷ್ ಬಲ್ಲ ಗುಮಾಸ್ತ. ಅವನಿಂದಲೇ ಆ ಕಾಯಿದೆಯ ವಿಷಯ ತಿಳಿಯಿತು. ಸರಕಾರ ಕಂಪನಿಗಳಿಗೆ ಕಡ್ಡಾಯ ಮಾಡಿತ್ತಂತೆ, ವರ್ಷದ ಲಾಭದಲ್ಲಿ ನಾಲ್ಕರಲ್ಲೊಂದು ಪಾಲು ಕೆಲಸಗಾರರದು. ಒಂದಿಷ್ಟು ಕೈಗೆ, ಉಳಿದದ್ದು ಅವರ ಮನೆ, ದವಾಖಾನೆಗಳಿಗೆ. ಧಣಿಯ ಮನಸ್ಸು ಒಳ್ಳೆಯದಿರಲಿ ಕೆಟ್ಟದ್ದಿರಲಿ, ಕೊಡಲೇಬೇಕು. ನನಗೆ ಮೊದಲು ಕೋಪ ಬಂತು. ಅಣ್ಣನ ಒತ್ತಿಬಿದ್ದ ಹೊಲದ ನೆನಪಾಯಿತು. ಒಳ್ಳೆಯತನವನ್ನೂ ಕಾಯಿದೆ ಮಾಡಿ ವಸೂಲಿ ಮಾಡಿದರೆ ಅದು ಒಳ್ಳೆಯತನ ಹೇಗಾಯಿತು ಎಂದು ಫವಾದನ ಹತ್ತಿರ ವಾದಿಸಿದೆ. ಅವನು ನಕ್ಕು, "ಅದು ಒಳ್ಳೆಯತನ ಎಂದು ನಾವು ಎಂದೂ ಹೇಳಲಿಲ್ಲವಲ್ಲ," ಎಂದ.

ನಾವಿದ್ದಾಗಲೇ ಪಾಲು ಹಂಚುವ ದಿನ ಬಂತು. ಗಿರಣಿಯ ಅಂಗಳದಲ್ಲಿ ಬಣ್ಣದ ಕಾಗದ ಕಟ್ಟಿದ್ದರು. ಫಿಟರುಗಳು, ಎಂಜಿನ್ನಿನವರು, ಗುಮಾಸ್ತರು ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು ಬಂದಿದ್ದರು. ಹೆಸರು ಕರೆದಂತೆ ಒಬ್ಬೊಬ್ಬರು ಹೋಗಿ, ಎದೆಯುಬ್ಬಿಸಿ ತೆಗೆದುಕೊಂಡರು. ಒಬ್ಬ ಮುದುಕ ಫಿಟರ್ ಪಾಲು ತೆಗೆದುಕೊಂಡವನೇ ನೇರವಾಗಿ ತನ್ನ ಮಶೀನಿನ ಹತ್ತಿರ ಹೋಗಿ, ಅದರ ಬೆನ್ನು ತಟ್ಟಿ ಬಂದ. ಮಿಸ್ತ್ರಿ ಆ ಮುದುಕನನ್ನೇ ನೋಡುತ್ತಿದ್ದರು. ಪಗಾರ ತೆಗೆದುಕೊಳ್ಳುವ ದಿನ ನಮ್ಮ ಗಿರಣಿಯಲ್ಲಿ ಅಂಥ ಮುಖ ನಾನು ಕಂಡಿರಲಿಲ್ಲ. ನನ್ನ ಕೋಪ ಅಲ್ಲೇ ಅರ್ಧ ಇಳಿಯಿತು.

ಆಗ ಗೇಟಿನ ಹೊರಗೆ ಕಣ್ಣು ಹೋಯಿತು. ಕರಿಯ ಬಟ್ಟೆಯ ಹೆಂಗಸರ ಒಂದು ಗುಂಪು, ತಲೆಯ ಮೇಲೆಲ್ಲ ಹತ್ತಿಯ ಧೂಳು. ಕಸ ಆರಿಸುವವರು. ಇವರೇಕೆ ಹೊರಗೆ ಎಂದು ಫವಾದನನ್ನು ಕೇಳಿದೆ.

"ಅವರು ಗಿರಣಿಯವರಲ್ಲ. ಹಂಗಾಮಿಗೆ ಗುತ್ತಿಗೆದಾರ ಕರೆತಂದವರು," ಎಂದು ಮುಖ ತಿರುಗಿಸಿದ. ನಾನು ಅದನ್ನು ಮಿಸ್ತ್ರಿಗೆ ಹೇಳಿದೆ.

"ಅಂದ್ರ ನಮ್ಮ ಗಂಗವ್ವ," ಎಂದರು ಮಿಸ್ತ್ರಿ, ಕನ್ನಡದಲ್ಲಿ.

ಹಂಚಿ ಮುಗಿದ ಮೇಲೆ ಮ್ಯಾನೇಜರ ಸಾಹೇಬರು ಹಿಂದೂಸ್ತಾನದ ಅತಿಥಿ ಎರಡು ಮಾತಾಡಲಿ ಎಂದರು. ನಾನು ಭಾಷಣದವನಲ್ಲ. ಏನು ಹೇಳಲಿ ಎಂದು ತಡವರಿಸಿ ನಮ್ಮೂರ ಕಣದ ಮಾತು ಹೇಳಿದೆ. ಸುಗ್ಗಿಯಲ್ಲಿ ಜೋಳದ ರಾಶಿ ಮಾಡಿದಾಗ, ಕುಂಟೆ ಮಾಡಿಕೊಟ್ಟ ಬಡಿಗನಿಗೆ, ಅದರ ಕಬ್ಬಿಣದ ಕುಡ ಬಡಿದು ಹರಿತ ಮಾಡಿದ ಕಮ್ಮಾರನಿಗೆ, ಬಟ್ಟೆ ಒಗೆದ ಮಡಿವಾಳನಿಗೆ ಆಯ ಎಂದು ಪಾಲು ಕೊಡುತ್ತೇವೆ. ಕಣದ ಕಸ ಹೊಡೆದವಳಿಗೂ ಮೊರ ತುಂಬ ಕಾಳು ಹಾಕುತ್ತೇವೆ. ಅದನ್ನು ಕಣದಲ್ಲೇ ಕೊಡುತ್ತೇವೆ, ರಾಶಿ ಮನೆಗೆ ಹೋಗುವ ಮೊದಲು. ಯಾರಿಗೆಷ್ಟು ಎಂದು ಗೊತ್ತುಮಾಡಿದವರು ಹೊಲದ ಧಣಿಗಳಾದ ನಾವೇ, ಕಡಿಮೆಯಾಯಿತೆಂದು ಅವರು ಬಾಯಿಬಿಡುವಂತಿರಲಿಲ್ಲ. ಆ ಮಾತನ್ನು ನಾನು ಅಲ್ಲಿ ಹೇಳಲಿಲ್ಲ. ಫವಾದ್ ತನ್ನ ಭಾಷೆಗೆ ತಿರುಗಿಸಿದ. ಜನ ತಲೆದೂಗಿದರು. ಗೇಟಿನ ಹೊರಗಿನ ಹೆಂಗಸರು ಕಂಬಿ ಹಿಡಿದು ಹತ್ತಿರ ಬಂದರು.

ಆ ಮುದುಕ ಫಿಟರ್ ಎದ್ದು ಒಂದು ಪ್ರಶ್ನೆ ಕೇಳಿದ. ಫವಾದ್ ನನಗೆ ತಿಳಿಸಿದ: "ಹಾಗಾದರೆ ನಿಮ್ಮ ಗಿರಣಿಯಲ್ಲೂ ಎಲ್ಲರಿಗೂ ಪಾಲು ಕೊಡುತ್ತೀರಾ ಎಂದು ಕೇಳುತ್ತಾನೆ."

ನಾನು ಗೇಟಿನ ಕಡೆ ನೋಡಿದೆ. ಪಕ್ಕದಲ್ಲಿದ್ದ ಮಿಸ್ತ್ರಿಗೆ ಇಂಗ್ಲಿಷು ತಿಳಿಯದು, ಆದರೆ ನನ್ನ ಮುಖ ತಿಳಿಯುತ್ತದೆ. "ಏನಂತಾರ್ರಿ?" ಎಂದರು. ನಾನಾಡಿದ ಕಣದ ಮಾತನ್ನೂ ಮುದುಕನ ಪ್ರಶ್ನೆಯನ್ನೂ ಹೇಳಿದೆ. ಅವರು ಎದ್ದು ನಿಂತು, ಕೈಯನ್ನು ಅಗಲವಾಗಿ ಬೀಸಿ, ಗೇಟಿನ ಹೊರಗಿದ್ದವರನ್ನೂ ಸೇರಿಸಿ ತೋರಿಸಿ, ಜೋರಾಗಿ ತಲೆಯಾಡಿಸಿದರು. "ಕೊಡ್ತೇವ್ರಿ! ಎಲ್ಲಾರಿಗೂ ಕೊಡ್ತೇವಿ!"

ತಿರುಗಿಸಿ ಹೇಳುವ ಅಗತ್ಯವೇ ಬರಲಿಲ್ಲ. ಅಂಗಳದವರು ಚಪ್ಪಾಳೆ ತಟ್ಟಿದರು. ಹೊರಗಿನ ಹೆಂಗಸರು ತಟ್ಟಲಿಲ್ಲ, ತಮ್ಮತಮ್ಮಲ್ಲಿ ಮಾತಾಡತೊಡಗಿದರು.

ಕಾಲುವೆಯ ದಂಡೆ

ಆ ಸಂಜೆ ನಾನು ಮಿಸ್ತ್ರಿಯ ಮೇಲೆ ಹರಿಹಾಯ್ದೆ. "ಪರದೇಶದಾಗ ನಿಂತು ಹಸೀ ಸುಳ್ಳು ಹೇಳಿದ್ರಲ್ಲಾ!"

"ಮತ್ತೇನ್ ಮಾಡಬೇಕಿತ್ರಿ? ಕಣದ ಬಡಾಯಿ ಕೊಚ್ಚಿದವರು ನೀವು. ಗಿರಣ್ಯಾಗ ಕೊಡಂಗಿಲ್ಲ ಅಂತ ನಾ ಹೇಳಿದ್ರ ಮರ್ಯಾದಿ ಯಾರದು ಹೋಗತಿತ್ತು?"

"ಪಾಲು ಬ್ಯಾಡ ಅಂದವರು ನೀವ ಅಲ್ಲೇನ್ರಿ ಹಡಗಿನಾಗ?"

ಅವರು ಕಾಲುವೆಗೆ ಬಗ್ಗಿ ಕೈ ತೊಳೆದುಕೊಂಡರು. ಆಮೇಲೆ, "ಆ ಮುದುಕ ಮಶೀನಿನ ಬೆನ್ನು ತಟ್ಟಿದ್ದು ನೋಡಿದ್ರ್ಯಾ? ಇಷ್ಟು ವರ್ಷ ದುಡದೇನಿ, ನಮ್ಮ ಮಶೀನ್ ನಂದು ಅಂತ ನನಗ ಒಂದ್ ದಿನಾನೂ ಅನಸಿಲ್ರಿ. ಸುಳ್ಳು ಹೇಳೇನಿ, ಖರೆ. ಅದನ್ನ ಖರೆ ಮಾಡೂದು ನಿಮ್ಮ ಕೈಯಾಗ ಐತಿ," ಎಂದರು.

ಮರುದಿನ ಗಿರಣಿಗೆ ಹೋದರೆ ಗೇಟಿನಲ್ಲಿ ಗದ್ದಲ. ಕಸ ಆರಿಸುವವರು ಕೆಲಸಕ್ಕೆ ಕೂತಿರಲಿಲ್ಲ. ಹಿಂದೂಸ್ತಾನದಲ್ಲಿ ಕೊಡುತ್ತಾರಂತೆ, ನಮಗೇಕಿಲ್ಲ ಎಂದು ಅವರ ಕೇಳಿಕೆ. ಮ್ಯಾನೇಜರ ಸಾಹೇಬರು ನಮ್ಮನ್ನು ಕಂಡು ನಕ್ಕರು, ಹಲ್ಲು ಮಾತ್ರ ನಕ್ಕಿತು. ನಮ್ಮ ತಂಡ ಆ ದಿನವೇ ಅಲೆಕ್ಸಾಂಡ್ರಿಯಾದ ಹತ್ತಿ ಪೇಟೆ ನೋಡುವುದು ಒಳ್ಳೆಯದು ಎಂದು ಸಲಹೆ ಕೊಟ್ಟರು.

ಹೊರಡುವಾಗ ಆ ಹೆಂಗಸರಲ್ಲಿ ಒಬ್ಬಳು ದಾರಿಗೆ ಅಡ್ಡ ಬಂದು ನನ್ನ ಕೈ ಹಿಡಿದಳು. ಅಂಗೈ ಗಂಗವ್ವನದರಂತೆಯೇ ಹತ್ತಿಯ ಸಿಪ್ಪೆ ಚುಚ್ಚಿ ಚುಚ್ಚಿ ಒರಟಾಗಿತ್ತು. ಏನೋ ಕೇಳಿದಳು. ಫವಾದ್ ಒಲ್ಲದ ಮನಸ್ಸಿನಿಂದ ತಿರುಗಿಸಿದ: "ನಿಮ್ಮ ಹೆಂಗಸರು ಕೇಳಿ ಪಡೆದರೋ, ಧಣಿಗಳು ತಾವಾಗಿ ಕೊಟ್ಟರೋ ಎನ್ನುತ್ತಾಳೆ."

"ಕೇಳಿದರು," ಎಂದೆ. ಅದಷ್ಟಾದರೂ ನಿಜವಾಗಿತ್ತು. ಆಕೆ ಕೈ ಬಿಟ್ಟು ತನ್ನವರ ಕಡೆ ಹೋದಳು. ಅವರಿಗೆ ಕೊನೆಗೆ ಏನು ಸಿಕ್ಕಿತೋ ನನಗೆ ತಿಳಿಯಲಿಲ್ಲ. ಈಗಲೂ ಅದು ನನ್ನನ್ನು ಕೊರೆಯುತ್ತದೆ. ಮರಳುವ ದಾರಿಯಲ್ಲಿ ಪಿರಮಿಡ್ಡಿಗೆ ಕರೆದೊಯ್ಯಲು ತಂಡದವರು ಬಂದಾಗ ನನಗೆ ಏಳುವ ಮನಸ್ಸಾಗಲಿಲ್ಲ. ಸಾವಿರಾರು ಜನ ಕಲ್ಲು ಹೊತ್ತರು, ಒಬ್ಬನ ಹೆಸರು ಉಳಿಯಿತು. ಅದನ್ನು ನೋಡಲು ಅಷ್ಟು ದೂರ ಒಂಟೆ ಹತ್ತಬೇಕೇ?

ಮತ್ತೆ ಸವಣೂರು

ಮನೆಗೆ ಬಂದು ಎಲ್ಲವನ್ನೂ ಅಣ್ಣನ ಮುಂದೆ ಹೇಳಿದೆ, ಮಿಸ್ತ್ರಿಯ ಸುಳ್ಳನ್ನೂ ಸೇರಿಸಿ. ಅಣ್ಣ ಜಾಣ. ಎಲ್ಲ ಕೇಳಿ, "ಆತು, ನಿನ್ನ ಈಜಿಪ್ತದ ಪ್ರಕಾರನ ಮಾಡೂಣು," ಎಂದ. "ಮಿಸ್ತ್ರಿಗೆ, ಎಂಜಿನ್ನಿನವರಿಗೆ ಪಾಲು ಕೊಡೂಣು. ಕಾಯಂ ಮಂದಿ ಅವರು. ಹೆಣ್ಣಮಕ್ಕಳು ಹಂಗಾಮದವರು, ಅಲ್ಲೂ ಇಲ್ಲ, ಇಲ್ಲೂ ಇಲ್ಲ."

ಎಷ್ಟು ವಾದಿಸಿದರೂ ಬಗ್ಗಲಿಲ್ಲ. ಕೊನೆಗೆ ನಾನು ಗಂಗವ್ವನನ್ನು ಕರೆಸಿ, ಕಂಪನಿಯಿಂದ ನನ್ನ ಪಾಲಿಗೆ ಬಂದುದರಲ್ಲೇ ಅವರಿಗೆಲ್ಲ ಕೊಡುತ್ತೇನೆ ಎಂದೆ. ಅಣ್ಣನೂ ಅಲ್ಲೇ ಕೂತಿದ್ದ. ಆಕೆ ಸಂತೋಷಪಡುತ್ತಾಳೆ ಎಂದುಕೊಂಡಿದ್ದೆ.

"ಬ್ಯಾಡ್ರಿ," ಎಂದಳು ಗಂಗವ್ವ. "ನಿಮ್ಮ ಮನಿಗೆ ಹೋದ ಮ್ಯಾಲ ನೀವು ಕೊಟ್ರ ಅದು ದಾನ ಆತು. ನಾವೇನು ಭಿಕ್ಷಾ ಬೇಡಾಕ ಬಂದಿಲ್ರಿ." ಅಣ್ಣನ ಕಡೆ ತಿರುಗಿದಳು. "ದೊಡ್ಡ ಧಣೇರ, ನಿಮ್ಮ ಕಣದಾಗ ನಮ್ಮವ್ವ ಕಸಾ ಹೊಡೀತಿದ್ಲು. ಆಕೀಗೆ ಕಾಳು ಎಲ್ಲಿ ಹಾಕತಿದ್ರಿ? ಮನಿ ಹಿತ್ತಲಕ್ಕ ಕರದು ಹಾಕತಿದ್ರೇನ್ರಿ?"

ಅಣ್ಣನ ಕಣದಿಂದ ಬರಿಗೈಯಲ್ಲಿ ಯಾರೂ ಹೋದದ್ದಿಲ್ಲ. ಇದು ಅವನ ದೊಡ್ಡಸ್ತಿಕೆ, ಶಿಗ್ಗಾವಿಯ ಸಂತೆಯವರೆಗೂ ಗೊತ್ತಿದ್ದದ್ದು. ಅವನ ಮುಖ ಕೆಂಪಾಯಿತು. "ಗಿರಣಿ ಕಣ ಅಲ್ಲವ್ವಾ," ಎಂದ. "ಗಿರಣ್ಯಾಗ ಲುಕ್ಸಾನ ಆದ್ರ ನೀವು ತುಂಬಿ ಕೊಡ್ತೀರೇನು?"

"ಹ್ವಾದ ವರ್ಷದ ಹಿಂದಿನ ವರ್ಷ ಲುಕ್ಸಾನ ಆದಾಗ ನಮ್ಮನ್ನ ಅರ್ಧಾ ಹಂಗಾಮದಾಗ ಮನಿಗೆ ಕಳಸಿದ್ರಿ. ಅವತ್ತ ನಮ್ಮ ಪಾಲಿನ ಲುಕ್ಸಾನ ನಾವು ತುಂಬೇವ್ರಿ. ಈಗ ಲಾಭದ್ದು ಕೇಳಾಕತ್ತೇವಿ."

ಹಡಗಿನಲ್ಲಿ ಮಿಸ್ತ್ರಿಯ ಬಾಯಲ್ಲಿ ನನಗೆ ಹಿತವಾಗಿದ್ದ ವಾದಕ್ಕೆ ಇದು ಉತ್ತರ. ನನಗೆ ಹೊಳೆದಿರಲಿಲ್ಲ. ಅಣ್ಣ ಎದ್ದು ಹೊರಗೆ ಹೋದ. ಆ ವಾರವೆಲ್ಲ ನನ್ನ ಪಕ್ಕ ಊಟಕ್ಕೆ ಕೂತರೂ ಮುಖ ಗೋಡೆಯ ಕಡೆ. ಆಮೇಲೆ ಒಂದು ಮುಂಜಾನೆ, "ಹಿರೇಕೆರೂರಿಗೆ ಯಾರನ್ನೂ ಕಳಸಬ್ಯಾಡ," ಎಂದಷ್ಟೇ ಹೇಳಿದ. ಹಂಗಾಮು ಮುಗಿದಾಗ, ನಾವು ಪಾಲುದಾರರು ಕೈಹಚ್ಚುವ ಮೊದಲು, ಗಿರಣಿಯ ಅಂಗಳದಲ್ಲೇ ಎಲ್ಲರಿಗೂ ಪಾಲು ಎಂದು ತೀರ್ಮಾನವಾಯಿತು.

ನಮ್ಮ ದುರದೃಷ್ಟ, ಆ ಹಂಗಾಮು ಬಡವಾಗಿತ್ತು. ಪಾಲು ಹಂಚಿದಾಗ ಒಬ್ಬೊಬ್ಬರಿಗೆ ಬಂದದ್ದು ಒಂದು ಸೀರೆಗೂ ಸಾಲದು. ನನಗೆ ನಾಚಿಕೆಯಾಯಿತು. ಹೆಣ್ಣುಮಕ್ಕಳು ಸೆರಗಿಗೆ ಗಂಟು ಹಾಕಿಕೊಂಡರು. ಮನೆಗೆ ಹೊರಡುತ್ತಾರೆ ಎಂದು ನಾವು ನೋಡುತ್ತಿದ್ದರೆ, ಅವರು ಅಂಗಳದಲ್ಲೇ ಕೂತುಬಿಟ್ಟರು.

"ಇನ್ನೇನು?" ಎಂದ ಅಣ್ಣ.

"ಯಾಕ ಇಷ್ಟ ಸಣ್ಣದು ಅಂತ ತಿಳಕೋಬೇಕ್ರಿ," ಎಂದಳು ಗಂಗವ್ವ. "ಹತ್ತಿ ಎಲ್ಲಾ ನಮ್ಮ ಕೈಯಾಗಿಂದನ ಹೋಗೇತಿ. ಎಷ್ಟಕ್ಕ ಮಾರಿದ್ರಿ, ಯಾಕ ಮಾರಿದ್ರಿ, ಜೀಪಿನ ಎಣ್ಣಿ ಯಾರ ಖರ್ಚಿನಾಗ ಹಾಕೀರಿ, ಹೇಳ್ರಿ. ಬರೇ ಕೂಲಿ ಇದ್ದಾಗ ಸುಮ್ಮ ಇದ್ವಿ. ಈಗ ಕೇಳಬೇಕಲ್ರಿ."

ಬೀಗರಿಬ್ಬರೂ ಅಣ್ಣನ ಮುಖ ನೋಡಿದರು. ಅಣ್ಣ ನನ್ನ ಮುಖ ನೋಡಿದ. ಇದಕ್ಕೇ ಅವನು ಮೊದಲಿನಿಂದ ಹೆದರಿದ್ದು ಎಂದು ನನಗೆ ಆಗ ತಿಳಿಯಿತು. ಅವನು ಹೆದರಿದ್ದು ಹಣಕ್ಕಲ್ಲ, ಲೆಕ್ಕ ಕೇಳಿಸಿಕೊಳ್ಳುವುದಕ್ಕೆ. ಈಗ ಕೂಗುತ್ತಾನೆ, ಎಲ್ಲವೂ ಮುರಿಯುತ್ತದೆ ಎಂದುಕೊಂಡೆ. ಗಂಗವ್ವನೂ ಕಣ್ಣು ಕೆಳಗೆ ಹಾಕದೆ ಕಾಯುತ್ತಿದ್ದಳು. ಅಣ್ಣ ಕುರ್ಚಿಯನ್ನು ಹಿಂದೆ ಸರಿಸಿ, ಧೋತರ ಎತ್ತಿಕಟ್ಟಿ, ಅವರೆದುರಿಗೆ ಹತ್ತಿಯ ಧೂಳಿನ ನೆಲದ ಮೇಲೆ ಕೂತ.

"ಕೇಳವ್ವಾ," ಎಂದ. "ಮೊದಲ ಜೀಪಿಂದ ಹೇಳ್ತೇನಿ."